ಮನೆಯಲ್ಲಿರುವ ನಾಯಿಯನ್ನೇ ಸರ್ವಿಸ್ ಡಾಗ್ ಮಾಡಬಹುದಾ? ಅನುಭವ ಇರುವವರು ದಯವಿಟ್ಟು ಹೇಳಿ

ಹೊಂಗೆನೆರಳು

ಎಲ್ಲರಿಗೂ ನಮಸ್ಕಾರ. ನನ್ನ ಅಕ್ಕನಿಗೆ ಮಲ್ಟಿಪಲ್ ಸ್ಕ್ಲಿರೋಸಿಸ್ ಅನ್ನುವ ನರಗಳ ಕಾಯಿಲೆ ಇದೆ. ದಿನದ ಹೆಚ್ಚು ಹೊತ್ತು ವೀಲ್‌ಚೇರ್‌ನಲ್ಲೇ ಇರುತ್ತಾಳೆ. ಕೈಯ ಹಿಡಿತ ಕಮ್ಮಿಯಾಗಿದೆ. ವಸ್ತುಗಳು ಜಾರಿ ಬೀಳುತ್ತವೆ, ಬಗ್ಗಿ ತೆಗೆಯಲು ಆಗುವುದಿಲ್ಲ. ಯಾರಾದರೂ ಬರುವ ತನಕ ಕಾಯಬೇಕು. ಫೋನೇ ಬಿದ್ದರೆ ಕರೆಯುವುದಕ್ಕೂ ದಾರಿ ಇಲ್ಲ. ಪ್ರತಿ ಸಣ್ಣ ವಿಷಯಕ್ಕೂ ಇನ್ನೊಬ್ಬರನ್ನು ಕೇಳುವುದು ಅವಳಿಗೆ ಕಾಯಿಲೆಗಿಂತ ಜಾಸ್ತಿ ನೋವು ಕೊಡುತ್ತಿದೆ.

ನಮ್ಮಲ್ಲಿ ಎರಡು ವರ್ಷದ ಹೆಣ್ಣು ಲ್ಯಾಬ್ರಡಾರ್ ಇದೆ. ಚೂಟಿ. ಕೂರು, ಬಾ, ನಿಲ್ಲು ಎಲ್ಲ ಬರುತ್ತದೆ. ಅಕ್ಕ ಅಂದರೆ ಪ್ರಾಣ. ಅಕ್ಕನ ಇಂಥ ಕೆಲಸಗಳಿಗೆ ನೆರವಾಗುವ ಸರ್ವಿಸ್ ಡಾಗ್ ಆಗಲು ಇದಕ್ಕೇ ತರಬೇತಿ ಕೊಡಬಹುದಾ, ಅಥವಾ ಸಂಸ್ಥೆಯವರು ತಯಾರು ಮಾಡಿದ ನಾಯಿಯನ್ನೇ ಪಡೆಯಬೇಕಾ? ಎಲ್ಲಿಂದ ಶುರು ಮಾಡುವುದು?

ಹೆಜ್ಜೆಗುರುತು

ಹೊಂಗೆನೆರಳು ಅವರೇ, ಕೊಡಬಹುದು. ಆದರೆ ಎಲ್ಲ ನಾಯಿಗೂ ಈ ಕೆಲಸ ಒಗ್ಗುವುದಿಲ್ಲ. ನಾನು ನಾಯಿ ತರಬೇತಿಯಲ್ಲೇ ಇರುವವನು, ಅಂಗವಿಕಲರ ಜೊತೆಗೇ ನನ್ನ ಹೆಚ್ಚಿನ ಕೆಲಸ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಬಿದ್ದದ್ದನ್ನು ಎತ್ತಿಕೊಡುವುದು, ಬಾಗಿಲು ಎಳೆಯುವುದು, ಸ್ವಿಚ್ ಒತ್ತುವುದು, ಇವೆಲ್ಲ ಕಲಿಸಲು ಸುಲಭ. ಖುಷಿಯಾಗಿ ಕಲಿಯುವ ಲ್ಯಾಬ್ರಡಾರ್‌ಗೆ ಕೆಲವು ತಿಂಗಳ ಮಾತು. ಕಷ್ಟ ಇರುವುದು ಏನೂ ಮಾಡದೆ ಇರುವುದನ್ನು ಕಲಿಸುವುದರಲ್ಲಿ. ಜನ ತುಂಬಿದ ಕಡೆ ಮೇಜಿನ ಕೆಳಗೆ ಗಂಟೆಗಟ್ಟಲೆ ಸುಮ್ನೆ ಮಲಗಬೇಕು. ಮೂಗಿನ ಮುಂದೆ ತಿಂಡಿ ಬಿದ್ದರೂ ಮುಟ್ಟಬಾರದು. ಬೇರೆ ನಾಯಿ ಕೆಣಕಿದರೂ ತಿರುಗಿ ಬೊಗಳಬಾರದು. ಮಗು ಓಡಿ ಬಂದು ಬಾಲ ಹಿಡಿದರೂ ಹೆದರಬಾರದು. ಜೊತೆಗೆ, ಇಷ್ಟೆಲ್ಲದರ ನಡುವೆ ಒಂದು ಕಿವಿ ಮಾತ್ರ ಸದಾ ನಿಮ್ಮ ಅಕ್ಕನ ಕಡೆಗೇ ಇರಬೇಕು.

ಅದಕ್ಕೇ ಮೊದಲು ನೋಡಬೇಕಾದದ್ದು ಚುರುಕುತನವಲ್ಲ, ಸ್ವಭಾವ. ಜೋರಾದ ಸದ್ದು ಆದಾಗ ಗಮನಿಸಿ. ನಾಯಿ ಬೆಚ್ಚಿಬೀಳುವುದು ತಪ್ಪೇನಲ್ಲ. ಬೆಚ್ಚಿದ ಮೇಲೆ ಎಷ್ಟು ಬೇಗ ಸಮಾಧಾನಕ್ಕೆ ಬರುತ್ತದೆ ಅನ್ನುವುದು ಮುಖ್ಯ. ಕ್ಷಣದಲ್ಲಿ ಸುಧಾರಿಸಿಕೊಂಡು, ಸದ್ದು ಬಂದ ಕಡೆ ಹೋಗಿ ಮೂಸಿ ನೋಡಿದರೆ ಒಳ್ಳೆಯ ಲಕ್ಷಣ. ಮಂಚದ ಕೆಳಗೆ ಸೇರಿ ಅರ್ಧ ದಿನ ಹೊರಗೆ ಬರದಿದ್ದರೆ ಆ ನಾಯಿಯನ್ನು ಗದ್ದಲದ ಜಾಗಕ್ಕೆ ಎಳೆದುಕೊಂಡು ಹೋಗುವುದು ನ್ಯಾಯವಲ್ಲ. ಅಪರಿಚಿತರನ್ನು ಕಂಡರೆ ಗುರ್ ಎನ್ನುವ ನಾಯಿಯೂ ಬೇಡ. ಅದು ಧೈರ್ಯ ಅಲ್ಲ, ಹೆಚ್ಚಿನ ಸಲ ಭಯ.

ಎರಡನೆಯದು ಆರೋಗ್ಯ. ಲ್ಯಾಬ್ರಡಾರ್‌ಗಳಲ್ಲಿ ಸೊಂಟ ಮತ್ತು ಮೊಣಕೈ ಕೀಲಿನ ತೊಂದರೆ ವಂಶದಿಂದ ಬರುವುದುಂಟು. ವೆಟ್ ಹತ್ತಿರ ಎಕ್ಸ್‌ರೇ ಮಾಡಿಸಿ. ಕಣ್ಣು ತೋರಿಸಿ. ಕೀಲು ನೋಯುವ ನಾಯಿಗೆ ದಿನವಿಡೀ ಬಗ್ಗಿ ಎತ್ತುವ ಕೆಲಸ ಹಚ್ಚುವುದು ಕ್ರೂರ.

ಇವೆರಡೂ ಸರಿಯಿದ್ದರೆ ಮುಂದಿನದನ್ನು ಮಾತಾಡೋಣ.

ಎರಡುಗಾಲಿ

ನಾನು ವೀಲ್‌ಚೇರ್ ಬಳಸುವವಳು, ಬೆನ್ನುಹುರಿ ಪೆಟ್ಟಾಗಿದೆ. ನನ್ನ ನಾಯಿ ಗೋಲ್ಡನ್ ರಿಟ್ರೀವರ್, ಸಂಸ್ಥೆಯಿಂದ ಬಂದದ್ದು. ನಿಮ್ಮ ಅಕ್ಕನ ಸಂಕಟ ನನಗೆ ಚೆನ್ನಾಗಿ ಗೊತ್ತು. ಬಿದ್ದ ಫೋನಿನ ಕಡೆ ನೋಡುತ್ತಾ ಕೂರುವುದಿದೆಯಲ್ಲ, ಅದನ್ನು ಅನುಭವಿಸಿದವರಿಗೇ ಗೊತ್ತು.

ಒಂದು ವಿಷಯ ಹೇಳಲೇಬೇಕು. ಕೆಲಸದ ಪಟ್ಟಿಯನ್ನು ಅಕ್ಕನೇ ಬರೆಯಲಿ, ನೀವಲ್ಲ. ಮನೆಯವರಿಗೆ ದೊಡ್ಡದಾಗಿ ಕಾಣುವುದು ಬೇರೆ, ನಮಗೆ ಬೇಕಾಗುವುದು ಬೇರೆ. ನನ್ನ ಮನೆಯವರು ನಾಯಿ ವೀಲ್‌ಚೇರ್ ಎಳೆಯಲಿ ಅಂತ ಆಸೆಪಟ್ಟರು. ನನಗೆ ಬೇಕಿದ್ದದ್ದು ರಾತ್ರಿ ಜಾರಿದ ಹೊದಿಕೆ ಎಳೆದು ಕೊಡುವುದು, ಕಾಲುಚೀಲ ತೆಗೆಯುವುದು, ಫುಟ್‌ರೆಸ್ಟ್‌ನಿಂದ ಜಾರಿದ ಕಾಲನ್ನು ಮೂಗಿನಿಂದ ಮೇಲೆ ತಳ್ಳುವುದು. ಈ ಮೂರೇ ನನ್ನ ದಿನವನ್ನು ಬದಲಾಯಿಸಿವೆ.

ಹೊಂಗೆನೆರಳು

ಎರಡುಗಾಲಿ ಅವರೇ, ಇದು ಹೊಳೆದೇ ಇರಲಿಲ್ಲ. ಇವತ್ತೇ ಅಕ್ಕನ ಹತ್ತಿರ ಕೂತು ಬರೆಸುತ್ತೇನೆ. ಹೆಜ್ಜೆಗುರುತು ಸರ್, ನಮ್ಮ ನಾಯಿ ಪಟಾಕಿಗೆ ಹೆದರುತ್ತದೆ, ಆದರೆ ಬೇಗ ಸರಿಹೋಗುತ್ತದೆ. ಜನರ ಜೊತೆ ಸಲಿಗೆ ಸ್ವಲ್ಪ ಜಾಸ್ತಿಯೇ. ಯಾರು ಬಂದರೂ ಮೈಮೇಲೆ ಹಾರುತ್ತದೆ.

ಹೆಜ್ಜೆಗುರುತು

ಹಾರುವುದನ್ನು ಬಿಡಿಸಬಹುದು. ನಾಲ್ಕೂ ಕಾಲು ನೆಲದ ಮೇಲಿದ್ದಾಗ ಮಾತ್ರ ಮಾತಾಡಿಸಬೇಕು, ಹಾರಿದರೆ ಮುಖ ತಿರುಗಿಸಬೇಕು. ಮನೆಗೆ ಬರುವವರೆಲ್ಲ ಇದನ್ನು ಪಾಲಿಸಬೇಕು. ಒಬ್ಬರು ಮುದ್ದು ಮಾಡಿ ಇನ್ನೊಬ್ಬರು ಗದರಿದರೆ ನಾಯಿಗೆ ಏನೂ ಅರ್ಥವಾಗುವುದಿಲ್ಲ.

ಈಗ ಎತ್ತಿಕೊಡುವ ಕೆಲಸದ ವಿಷಯ. ಬಹಳ ಜನ ವಸ್ತುವನ್ನು ನೆಲಕ್ಕೆ ಎಸೆದು "ತಗೊಂಡು ಬಾ" ಅಂತ ಶುರು ಮಾಡುತ್ತಾರೆ. ನಾಯಿ ಓಡಿಹೋಗಿ ಬಾಯಲ್ಲಿ ಹಿಡಿದು ಆಟಕ್ಕೆ ನಿಲ್ಲುತ್ತದೆ. ಫೋನಿಗೆ ಹಲ್ಲಿನ ಗುರುತು ಬೀಳುತ್ತದೆ. ನಾವು ಕಲಿಸುವುದು ತಲೆಕೆಳಗಾಗಿ, ಕೊನೆಯ ಹಂತದಿಂದ. ಮೊದಲು ವಸ್ತುವನ್ನು ನಿಮ್ಮ ಕೈಯಲ್ಲೇ ಹಿಡಿದು ನಾಯಿಯ ಮುಂದೆ ಇಡಿ. ಅದು ಮೂಗು ತಾಗಿಸಿದರೆ ಕ್ಲಿಕ್ಕರ್ (ಒತ್ತಿದರೆ ಟಕ್ ಅನ್ನುವ ಪುಟ್ಟ ಸಾಧನ) ಒತ್ತಿ, ತಕ್ಷಣ ಒಂದು ಚೂರು ತಿಂಡಿ ಕೊಡಿ. ಕ್ಲಿಕ್ಕರ್ ಇಲ್ಲದಿದ್ದರೆ ಒಂದೇ ಚಿಕ್ಕ ಪದ ಸಾಕು. ಆ ಸದ್ದು ಬಂದ ಕ್ಷಣದಲ್ಲಿ ಮಾಡುತ್ತಿದ್ದದ್ದೇ ಸರಿ ಅಂತ ನಾಯಿಗೆ ತಿಳಿಯಬೇಕು, ಅಷ್ಟೇ. ಮೂಗು ತಾಗಿಸಿದ ಮೇಲೆ ಬಾಯಿ ತೆರೆಯುವುದು, ಆಮೇಲೆ ಮೆತ್ತಗೆ ಹಿಡಿಯುವುದು, ಆಮೇಲೆ ಒಂದು ಸೆಕೆಂಡ್, ಎರಡು ಸೆಕೆಂಡ್ ಹಿಡಿದೇ ಇರುವುದು. ಜಗಿಯದೆ ಹಿಡಿದಿರುವುದು ಗಟ್ಟಿಯಾಗುವ ತನಕ ಮುಂದೆ ಹೋಗಬೇಡಿ. ಆಮೇಲೆ ಹಿಡಿದದ್ದನ್ನು ಅಕ್ಕನ ಅಂಗೈಗೆ, ಅದೂ ಆಗದಿದ್ದರೆ ತೊಡೆಯ ಮೇಲೆ ಇಡುವುದು. ನೆಲದಿಂದ ಎತ್ತುವುದು ಎಲ್ಲಕ್ಕಿಂತ ಕೊನೆಗೆ ಬರುತ್ತದೆ. ಹೀಗೆ ಕಲಿತ ನಾಯಿಗೆ ದಾರಿಯ ಕೊನೆ ಮೊದಲೇ ಗೊತ್ತಿರುತ್ತದೆ, ಅದಕ್ಕೇ ನಡುವೆ ಆಟಕ್ಕೆ ಇಳಿಯುವುದಿಲ್ಲ.

ಲೋಹದ ವಸ್ತು ಬಾಯಿಗೆ ತಾಗುವುದು ಬಹಳ ನಾಯಿಗಳಿಗೆ ಇಷ್ಟವಿಲ್ಲ. ಬೀಗದ ಕೈಗೆ ಬಟ್ಟೆಯ ಪಟ್ಟಿ ಕಟ್ಟಿ. ಫೋನಿಗೆ ಅಂಚು ಎದ್ದಿರುವ ದಪ್ಪ ಕವರ್ ಹಾಕಿ. ಚಪ್ಪಟೆಯಾಗಿ ಬಿದ್ದ ನುಣುಪಾದ ವಸ್ತುವನ್ನು ಎತ್ತುವುದು ನಾಯಿಗೂ ಕಷ್ಟ.

ಬಾಗಿಲು, ಫ್ರಿಜ್ ತೆರೆಯಲು ಹಿಡಿಕೆಗೆ ಹಗ್ಗ ಕಟ್ಟಿ ಎಳೆಯಲು ಕಲಿಸಬಹುದು. ಆದರೆ ಕೇಳಿದಾಗ ಮಾಡಿದ್ದಕ್ಕೆ ಮಾತ್ರ ತಿಂಡಿ. ಕೇಳದೇ ತೆರೆದರೆ ಏನೂ ಸಿಗಬಾರದು. ಇಲ್ಲವಾದರೆ ನೀವಿಲ್ಲದಾಗ ಫ್ರಿಜ್ ಖಾಲಿಯಾಗುತ್ತದೆ.

ಇನ್ನೊಂದು ಮಾತು. ಅಡುಗೆಮನೆಯಲ್ಲಿ ಕಲಿತದ್ದು ನಾಯಿಗೆ ಹಾಲ್‌ನಲ್ಲಿ ಬರುವುದಿಲ್ಲ. ಇದು ಮೊಂಡುತನವಲ್ಲ. ನಾಯಿ ಕಲಿಯುವಾಗ ಜಾಗ, ವಾಸನೆ, ನೀವು ನಿಂತ ಭಂಗಿ ಎಲ್ಲವನ್ನೂ ಸೇರಿಸಿಯೇ ಕಲಿಯುತ್ತದೆ. ಜಾಗ ಬದಲಾದರೆ ಮತ್ತೆ ಸ್ವಲ್ಪ ಹಿಂದಿನಿಂದ ಶುರು ಮಾಡಬೇಕು. ಹಲವು ಜಾಗಗಳಲ್ಲಿ ಹೀಗೆ ಮಾಡಿದ ಮೇಲೆ ಅದಕ್ಕೆ "ಓ, ಇದು ಎಲ್ಲ ಕಡೆಗೂ" ಅನ್ನುವುದು ಹೊಳೆಯುತ್ತದೆ.

ತಂಗಾಳಿ

ಬೇಜಾರು ಮಾಡಿಕೊಳ್ಳಬೇಡಿ, ಆದರೆ ನನಗೆ ಒಂದು ಪ್ರಶ್ನೆ ಕಾಡುತ್ತಿದೆ. ಒಂದು ಪ್ರಾಣಿಯನ್ನು ಜೀವನಪೂರ್ತಿ ಮನುಷ್ಯನ ಕೆಲಸಕ್ಕೆ ಕಟ್ಟಿಹಾಕುವುದು ಸರಿಯಾ? ಅದಕ್ಕೆ ಆಟ ಬೇಡವಾ, ಸ್ವಾತಂತ್ರ್ಯ ಬೇಡವಾ? ಈಗ ಫೋನ್, ಸ್ಮಾರ್ಟ್ ಸ್ಪೀಕರ್, ಬಿದ್ದದ್ದನ್ನು ಎತ್ತಲು ಕಡ್ಡಿಯ ತುದಿಗೆ ಇಕ್ಕಳ ಇರುವ ಸಾಧನ ಎಲ್ಲ ಇವೆ ಅಲ್ವಾ?

ಬಿಳಿಕೋಲು

ತಂಗಾಳಿ ಅವರೇ, ಇದು ಕೇಳಬೇಕಾದ ಪ್ರಶ್ನೆಯೇ. ನನಗೆ ಕಣ್ಣು ಕಾಣುವುದಿಲ್ಲ. ಹಲವು ವರ್ಷ ಬಿಳಿ ಕೋಲಿನಲ್ಲಿ ಓಡಾಡಿದ್ದೇನೆ, ಈಗ ಗೈಡ್ ಡಾಗ್ ಜೊತೆ. ಕೋಲು ಒಳ್ಳೆಯ ಸಾಧನ. ಯಾವಾಗಲೂ ಚೀಲದಲ್ಲಿ ಇಟ್ಟುಕೊಂಡಿರುತ್ತೇನೆ. ಆದರೆ ಕೋಲು ಅಡ್ಡಿಯನ್ನು ತಾಗಿದ ಮೇಲೆ ಹೇಳುತ್ತದೆ. ನಾಯಿ ಅಡ್ಡಿಯನ್ನು ತಪ್ಪಿಸಿಯೇ ಕರೆದುಕೊಂಡು ಹೋಗುತ್ತದೆ. ಎದೆಮಟ್ಟದಲ್ಲಿ ಚಾಚಿದ ಕೊಂಬೆ, ತೆರೆದ ಲಾರಿಯ ಬಾಗಿಲು, ಇಂಥವು ಕೋಲಿಗೆ ಸಿಗುವುದೇ ಇಲ್ಲ.

ಇದನ್ನು ನಾಯಿಗೆ ಕಲಿಸುವ ರೀತಿ ಬಹಳ ಸೊಗಸು. ನಾಯಿಗೆ ತನ್ನ ಮೈ ಅಗಲ ಗೊತ್ತು. ತನ್ನ ಪಕ್ಕದಲ್ಲಿರುವ ಮನುಷ್ಯನ ಅಗಲ, ಎತ್ತರ ಗೊತ್ತಿಲ್ಲ. ಟ್ರೈನರ್ ನಾಯಿಯ ಜೊತೆ ನಡೆಯುವಾಗ ಭುಜ ಕಂಬಕ್ಕೆ ತಾಗಿದರೆ ಅಲ್ಲೇ ನಿಂತು ಕಂಬವನ್ನು ತಟ್ಟಿ ತೋರಿಸುತ್ತಾರೆ. ಎರಡು ಹೆಜ್ಜೆ ಹಿಂದೆ ಬಂದು ಮತ್ತೆ ನಡೆಯುತ್ತಾರೆ. ಈ ಸಲ ನಾಯಿ ಸ್ವಲ್ಪ ಸರಿದು ಹೋದರೆ ಹೊಗಳಿಕೆ, ತಿಂಡಿ. ಬರಬರುತ್ತಾ ನಾಯಿ ತನಗೆ ತಾಗದ, ಆದರೆ ನನಗೆ ತಾಗುವ ವಸ್ತುವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಕೊನೆಯ ಹಂತದಲ್ಲಿ ಟ್ರೈನರ್ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ನಾಯಿಯನ್ನೇ ನಂಬಿ ನಡೆದು ನೋಡುತ್ತಾರೆ.

ಜನ ಅಂದುಕೊಂಡಂತೆ ನಾಯಿ ಸಿಗ್ನಲ್ ನೋಡಿ ರಸ್ತೆ ದಾಟಿಸುವುದಿಲ್ಲ. ನಾಯಿಗೆ ಕೆಂಪು ಮತ್ತು ಹಸಿರು ನಮಗೆ ಕಾಣುವಷ್ಟು ಬೇರೆಯಾಗಿ ಕಾಣುವುದಿಲ್ಲ. ದಾರಿ ನನ್ನ ತಲೆಯಲ್ಲಿರುತ್ತದೆ. ಗಾಡಿಗಳ ಸದ್ದು ಕೇಳಿ ಯಾವಾಗ ದಾಟಬೇಕು ಅಂತ ತೀರ್ಮಾನಿಸುವುದು ನಾನು. "ಮುಂದೆ" ಅನ್ನುವುದು ನನ್ನ ಕೆಲಸ. ಆದರೆ ನಾನು ಮುಂದೆ ಅಂದಾಗ ಸದ್ದಿಲ್ಲದೆ ಒಂದು ಎಲೆಕ್ಟ್ರಿಕ್ ಕಾರು ಬರುತ್ತಿದ್ದರೆ ನಾಯಿ ನನ್ನ ಮಾತು ಮೀರಿ ನಿಲ್ಲುತ್ತದೆ. ಯಾವಾಗ ಮಾತು ಕೇಳಬಾರದು ಅನ್ನುವುದನ್ನೂ ಕಲಿಸಿರುತ್ತಾರೆ. ಭಯದಿಂದ ಮಾತು ಕೇಳುವ ನಾಯಿ ಇದನ್ನು ಎಂದಿಗೂ ಮಾಡುವುದಿಲ್ಲ. ನಮ್ಮ ಮೇಲೆ ನಂಬಿಕೆ ಇರುವ, ಮನಸ್ಸು ಗಟ್ಟಿಯಾಗಿರುವ ನಾಯಿಗೆ ಮಾತ್ರ ಸಾಧ್ಯ. ಹೊಡೆದು ಬಡಿದು ಇದನ್ನು ಕಲಿಸಲು ಆಗುವುದೇ ಇಲ್ಲ.

ಆಟದ ವಿಷಯಕ್ಕೆ ಬಂದರೆ, ಹಾರ್ನೆಸ್, ಅಂದರೆ ನಾನು ಹಿಡಿದು ನಡೆಯುವ ಹಿಡಿಕೆ ಇರುವ ಮೈಪಟ್ಟಿ, ಬಿಚ್ಚಿದ ಕ್ಷಣ ಅದು ಬೇರೆಯೇ ನಾಯಿ. ಓಡುತ್ತದೆ, ಉರುಳುತ್ತದೆ, ಚೆಂಡು ತಂದು ಕಾಲ ಮೇಲೆ ಹಾಕುತ್ತದೆ. ಹಾರ್ನೆಸ್ ಹಿಡಿದು ನಿಂತರೆ ತಾನಾಗಿ ಬಂದು ತಲೆ ತೂರಿಸುತ್ತದೆ. ಎಂದಾದರೂ ಅದು ಬರಲು ಹಿಂಜರಿದರೆ ನಾನು ಮೊದಲು ಕರೆಯುವುದು ವೆಟ್‌ಗೆ.

ಹೆಜ್ಜೆಗುರುತು

ಬಿಳಿಕೋಲು ಅವರು ಹೇಳಿದ ಕೊನೆಯ ಮಾತನ್ನು ಎಲ್ಲರೂ ಗಮನಿಸಿ. ನಾಯಿ ಬೇಡ ಅನ್ನುವುದನ್ನು ಮೈಯಲ್ಲೇ ಹೇಳುತ್ತದೆ. ತಿನ್ನದಿದ್ದರೂ ಪದೇಪದೇ ತುಟಿ ನೆಕ್ಕುವುದು, ನಿದ್ದೆ ಇಲ್ಲದಿದ್ದರೂ ಆಕಳಿಸುವುದು, ಕಿವಿ ಹಿಂದಕ್ಕೆ ಮಡಿಸುವುದು, ಬಾಲ ಕಾಲ ನಡುವೆ ಸೇರಿಸುವುದು, ಇಷ್ಟದ ತಿಂಡಿಯನ್ನೂ ಬಿಡುವುದು. ಇವು ಕಂಡರೆ ಅವತ್ತಿಗೆ ತರಬೇತಿ ಮುಗಿಯಿತು ಅಂತಲೇ ಅರ್ಥ. ದಿನಾ ಕಾಣುತ್ತಿದ್ದರೆ ಆ ನಾಯಿಗೆ ಈ ಕೆಲಸ ಬೇಡ.

ದೊಡ್ಡ ಸಂಸ್ಥೆಗಳು ತಲೆಮಾರುಗಳಿಂದ ತಳಿ ಆರಿಸಿ ಬೆಳೆಸುತ್ತವೆ. ಅಲ್ಲೂ ಎಷ್ಟೋ ಮರಿಗಳು ಕೊನೆತನಕ ಬರುವುದಿಲ್ಲ. ಅವನ್ನು ಒಳ್ಳೆಯ ಮನೆಗಳಿಗೆ ಕೊಡುತ್ತಾರೆ. ಅದನ್ನು ಸೋಲು ಅಂತ ನಾವು ಯಾರೂ ಕರೆಯುವುದಿಲ್ಲ.

ಪುಟ್ಟಪಂಜ

ನಾನು ಮರಿ ಸಾಕಿಕೊಡುವವಳು. ಗೈಡ್ ಡಾಗ್ ಸಂಸ್ಥೆಗಳು ಸುಮಾರು ಎಂಟು ವಾರದ ಮರಿಯನ್ನು ನಮ್ಮಂಥ ಮನೆಗಳಿಗೆ ಕೊಡುತ್ತವೆ. ಒಂದು, ಒಂದೂವರೆ ವರ್ಷ ನಮ್ಮ ಜೊತೆ ಬೆಳೆದು ಆಮೇಲೆ ನಿಜವಾದ ತರಬೇತಿಗೆ ಹೋಗುತ್ತದೆ. ನಾವು ಕೆಲಸ ಏನೂ ಕಲಿಸುವುದಿಲ್ಲ. ಜಗತ್ತು ತೋರಿಸುತ್ತೇವೆ. ಮೆಟ್ಟಿಲು, ಲಿಫ್ಟ್, ಜಾಲರಿ ನೆಲ, ಛತ್ರಿ, ಟೋಪಿ ಹಾಕಿದವರು, ಊರುಗೋಲು ಹಿಡಿದವರು, ರೈಲಿನ ಸದ್ದು. ಮೂರನೇ ವಾರದಿಂದ ಸುಮಾರು ಹದಿನಾಲ್ಕನೇ ವಾರದ ತನಕ ಮರಿಯ ಮನಸ್ಸು ತೆರೆದಿರುತ್ತದೆ. ಆಗ ಕಂಡದ್ದು ಮಾಮೂಲಿ ಅನಿಸುತ್ತದೆ, ಆಗ ಕಾಣದ್ದು ದೊಡ್ಡದಾದ ಮೇಲೆ ಭಯ ಹುಟ್ಟಿಸಬಹುದು. ಆ ಹೊತ್ತಿಗೆ ಲಸಿಕೆ ಪೂರ್ತಿಯಾಗಿರುವುದಿಲ್ಲ, ಹಾಗಾಗಿ ಬೇರೆ ನಾಯಿಗಳು ಓಡಾಡುವ ನೆಲದ ಮೇಲೆ ಬಿಡದೆ ಎತ್ತಿಕೊಂಡೇ ತಿರುಗಿಸುತ್ತೇವೆ.

ಒಂದು ಪದಕ್ಕೆ ಮಲ, ಮೂತ್ರ ಮಾಡುವುದನ್ನೂ ಕಲಿಸುತ್ತೇವೆ. ಕೇಳಲು ಸಣ್ಣದು. ಆದರೆ ಕಣ್ಣು ಕಾಣದವರಿಗೆ ನಾಯಿ ಎಲ್ಲಿ, ಯಾವಾಗ ಮಾಡುತ್ತದೆ ಅಂತ ಗೊತ್ತಿರುವುದು ಎಷ್ಟು ಮುಖ್ಯ ಯೋಚಿಸಿ.

ಬಿಟ್ಟುಕೊಡುವ ದಿನ ಅಳು ಬರುತ್ತದೆ. ಆಮೇಲೆ ಅದು ಯಾರದ್ದೋ ಪಕ್ಕದಲ್ಲಿ ತಲೆ ಎತ್ತಿ ನಡೆಯುವ ವಿಡಿಯೋ ಬರುತ್ತದೆ. ಅದನ್ನು ನೋಡಿ ಮತ್ತೆ ಇನ್ನೊಂದು ಮರಿ ತರುತ್ತೇವೆ.

ರಾತ್ರಿಪಾಳಿ

ನನ್ನ ಮಗಳಿಗೆ ಟೈಪ್ 1 ಡಯಾಬಿಟಿಸ್. ರಾತ್ರಿ ಶುಗರ್ ಇಳಿಯುವ ಭಯಕ್ಕೆ ನಾನು, ನನ್ನ ಹೆಂಡತಿ ಸರದಿ ಮೇಲೆ ಏಳುತ್ತೇವೆ. ಶುಗರ್ ಇಳಿದರೆ ಎಬ್ಬಿಸುವ ನಾಯಿ ಇದೆಯಂತೆ. ನಿಜವಾ? ನಂಬಬಹುದಾ?

ಹೆಜ್ಜೆಗುರುತು

ನಿಜ. ಆದರೆ ಪೂರ್ತಿ ಅದನ್ನೇ ನಂಬಬೇಡಿ, ಇದನ್ನು ಕೈಮುಗಿದು ಹೇಳುತ್ತೇನೆ.

ಶುಗರ್ ಇಳಿದಾಗ ಬೆವರು, ಉಸಿರಿನ ವಾಸನೆ ಬದಲಾಗುತ್ತದೆ. 2016ರಲ್ಲಿ ಕೇಂಬ್ರಿಡ್ಜ್‌ನ ಸಂಶೋಧಕರು ಆಗ ಉಸಿರಿನಲ್ಲಿ ಐಸೋಪ್ರೀನ್ ಅನ್ನುವ ವಸ್ತು ಏರುವುದನ್ನು ಕಂಡರು. ನಾಯಿ ಹಿಡಿಯುವುದು ಅದನ್ನೇ ಇರಬಹುದು ಅಂದರು. ತರಬೇತಿಗೆ ಶುಗರ್ ಇಳಿದ ಹೊತ್ತಿನಲ್ಲಿ ಹತ್ತಿಯಲ್ಲಿ ಬೆವರೋ ಎಂಜಲೋ ತೆಗೆದು ಡಬ್ಬಿಯಲ್ಲಿ ಹಾಕಿ ಫ್ರೀಜರ್‌ನಲ್ಲಿ ಇಡುತ್ತಾರೆ. ಶುಗರ್ ಸರಿಯಿದ್ದಾಗಿನದ್ದನ್ನೂ ಅದೇ ಮಗುವಿನಿಂದ, ಅದೇ ಥರದ ಡಬ್ಬಿಯಲ್ಲಿ ತೆಗೆದಿಡಬೇಕು. ಇಲ್ಲವಾದರೆ ನಾಯಿ ಶುಗರ್ ಬದಲು ಡಬ್ಬಿಯನ್ನೋ ಗ್ಲೌಸ್ ವಾಸನೆಯನ್ನೋ ಕಲಿತುಬಿಡುತ್ತದೆ. ಸರಿಯಾದ ಡಬ್ಬಿ ಗುರುತಿಸಿದರೆ ತಿಂಡಿ. ಆಮೇಲೆ ಪಂಜದಿಂದ ತಟ್ಟುವುದನ್ನು ಅದಕ್ಕೆ ಜೋಡಿಸುತ್ತಾರೆ.

ಕಷ್ಟ ಏನೆಂದರೆ ನಾಯಿಯಿಂದ ನಾಯಿಗೆ ವ್ಯತ್ಯಾಸ ಬಹಳ. ಕೆಲವು ತುಂಬಾ ಚೆನ್ನಾಗಿ ಹಿಡಿಯುತ್ತವೆ. ಕೆಲವು ಸುಳ್ಳು ಸೂಚನೆ ಕೊಡುತ್ತವೆ. ನಾಯಿಯೂ ಗಾಢ ನಿದ್ದೆ ಮಾಡುತ್ತದೆ. ಮೈಗೆ ಅಂಟಿಸುವ ಗ್ಲೂಕೋಸ್ ಸೆನ್ಸರ್, ಅದರ ಅಲಾರಂ, ಇವೇ ಮೊದಲು. ನಾಯಿ ಅದರ ಮೇಲಿನ ಇನ್ನೊಂದು ಕಾವಲು. ನಾಯಿ ತಟ್ಟಿದರೆ ಮೀಟರ್‌ನಲ್ಲಿ ನೋಡಿಯೇ ಮುಂದಿನ ಹೆಜ್ಜೆ. ನಾಯಿ ಸುಮ್ಮನಿದೆ ಅಂತ ಪರೀಕ್ಷೆ ಬಿಡುವ ಹಾಗಿಲ್ಲ.

ಮೂರ್ಛೆ ರೋಗದಲ್ಲೂ ಹೀಗೇ. ಮೂರ್ಛೆ ಬಂದ ಮೇಲೆ ಅಲಾರಂ ಬಟನ್ ಒತ್ತುವುದು, ಪಕ್ಕದಲ್ಲಿ ಮಲಗುವುದು, ಮನೆಯವರನ್ನು ಕರೆತರುವುದು, ಇವನ್ನು ಕಲಿಸಬಹುದು. ಬರುವ ಮೊದಲೇ ಹೇಳುವುದು ಕೆಲವು ನಾಯಿಗಳಲ್ಲಿ ತಾನಾಗಿ ಕಾಣಿಸುತ್ತದೆ. ಅದನ್ನು ಖಂಡಿತ ಕಲಿಸಿಕೊಡುತ್ತೇನೆ ಅಂತ ದುಡ್ಡು ಕೇಳುವವರ ಹತ್ತಿರ ಹೋಗಬೇಡಿ.

ರಾತ್ರಿಪಾಳಿ

ಸ್ಪಷ್ಟವಾಗಿ ಹೇಳಿದ್ದಕ್ಕೆ ಧನ್ಯವಾದ ಸರ್. ಮೊದಲು ಸೆನ್ಸರ್ ಬಗ್ಗೆ ಡಾಕ್ಟರ್ ಹತ್ತಿರ ಮಾತಾಡುತ್ತೇವೆ.

ಕಿವಿಮಾತು

ನಾನು ಕಿವುಡಿ. ನನ್ನದು ಹಿಯರಿಂಗ್ ಡಾಗ್. ಈ ನಾಯಿಗಳ ಬಗ್ಗೆ ಯಾರೂ ಮಾತಾಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಬಾಗಿಲ ಬೆಲ್, ಕುಕ್ಕರ್, ಅಲಾರಂ, ಮಗುವಿನ ಅಳು ಕೇಳಿದರೆ ಬೊಗಳಿ ಪ್ರಯೋಜನವಿಲ್ಲ ಅಲ್ವಾ. ಬಂದು ಮೂಗಿನಿಂದ ಮಂಡಿ ತಾಗಿಸುತ್ತದೆ. ಏನು ಅಂತ ಕೈಸನ್ನೆ ಮಾಡಿದರೆ ಸದ್ದು ಬಂದ ಕಡೆಗೆ ಕರೆದುಕೊಂಡು ಹೋಗುತ್ತದೆ. ಬೆಂಕಿಯ ಅಲಾರಂ ಆದರೆ ಹಾಗೆ ಕರೆದುಕೊಂಡು ಹೋಗಬಾರದು. ಆಗ ತಾಗಿಸಿ, ಅಲ್ಲೇ ನೆಲಕ್ಕೆ ಮಲಗಿಬಿಡುತ್ತದೆ. ಅದು ಅಪಾಯದ ಗುರುತು.

ಇದಕ್ಕೆ ದೊಡ್ಡ ನಾಯಿಯೇ ಬೇಕಿಲ್ಲ. ಚಿಕ್ಕ ತಳಿ, ಮಿಶ್ರ ತಳಿ ಎಲ್ಲವೂ ಆಗುತ್ತವೆ. ಸದ್ದಿಗೆ ಕುತೂಹಲ ಇರಬೇಕು, ಅಷ್ಟೇ. ಹೊರಗೆ ಹೋದಾಗಲೂ ಉಪಯೋಗ. ನನಗೆ ಕಿವಿ ಕೇಳುವುದಿಲ್ಲ ಅಂತ ನೋಡಿದರೆ ಗೊತ್ತಾಗುವುದಿಲ್ಲ. ನಾಯಿಯ ಜಾಕೆಟ್ ನೋಡಿ ಜನ ಎದುರಿಗೆ ಬಂದು, ತುಟಿ ಕಾಣುವ ಹಾಗೆ ಮಾತಾಡುತ್ತಾರೆ.

ಹೊಂಗೆನೆರಳು

ಎಷ್ಟು ವಿಷಯ ಗೊತ್ತಾಯಿತು! ಇನ್ನೆರಡು ಸಂದೇಹ. ಅಕ್ಕ ವೀಲ್‌ಚೇರ್‌ನಿಂದ ಹಾಸಿಗೆಗೆ ಹೋಗುವಾಗ ನಾಯಿಯ ಬೆನ್ನ ಮೇಲೆ ಕೈ ಊರಬಹುದಾ? ಮತ್ತೆ, ಆನ್‌ಲೈನ್‌ನಲ್ಲಿ ಸರ್ವಿಸ್ ಡಾಗ್ ಸರ್ಟಿಫಿಕೇಟ್, ಜಾಕೆಟ್ ಮಾರುತ್ತಾರೆ. ಅದು ಬೇಕಾ?

ಎರಡುಗಾಲಿ

ಭಾರ ಹಾಕುವುದು ಬೇಡವೇ ಬೇಡ ಅಂತ ನನ್ನ ಅಭಿಪ್ರಾಯ. ನಾಯಿಯ ಬೆನ್ನು ನಮ್ಮ ಭಾರ ಹೊರುವುದಕ್ಕೆ ಇರುವುದಲ್ಲ. ಹಾಸಿಗೆಗೆ ಹೋಗಲು ಟ್ರಾನ್ಸ್‌ಫರ್ ಬೋರ್ಡ್ (ಕೂತಲ್ಲಿಂದ ಜಾರಿಕೊಂಡು ಹೋಗುವ ಹಲಗೆ) ಬಳಸಿ, ಗೋಡೆಗೆ ಹಿಡಿಕೆ ಹಾಕಿಸಿ.

ಹೆಜ್ಜೆಗುರುತು

ಒಪ್ಪುತ್ತೇನೆ. ನಡೆಯುವಾಗ ಸಮತೋಲ ತಪ್ಪದಂತೆ ಲಘುವಾಗಿ ಆಸರೆ ಕೊಡುವ ನಾಯಿಗಳಿವೆ. ಅವು ದೊಡ್ಡ ಮೈಕಟ್ಟಿನವು. ಮೂಳೆ ಪೂರ್ತಿ ಬೆಳೆದ ಮೇಲೆ, ವೆಟ್ ಒಪ್ಪಿದ ಮೇಲೆ, ಸರಿಯಾದ ಹಾರ್ನೆಸ್ ಹಾಕಿ ಮಾಡಿಸುವ ಕೆಲಸ ಅದು. ಕೂತಲ್ಲಿಂದ ಪೂರ್ತಿ ಭಾರ ಹಾಕಿ ಏಳುವುದು ಬೇರೆ. ಅದನ್ನು ಯಾವ ನಾಯಿಗೂ ಹಚ್ಚಬೇಡಿ.

ಸರ್ಟಿಫಿಕೇಟ್ ವಿಷಯ. ಕಾನೂನು ದೇಶದಿಂದ ದೇಶಕ್ಕೆ ಬೇರೆ, ನಿಮ್ಮಲ್ಲಿ ಏನಿದೆ ನೋಡಿಕೊಳ್ಳಿ. ಉದಾಹರಣೆಗೆ ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯ್ದೆಯ ಕೆಳಗೆ ಯಾವ ಸರ್ಟಿಫಿಕೇಟೂ ಬೇಕಿಲ್ಲ. ವಿಷಯ ಕಣ್ಣಿಗೇ ಕಾಣುವಂತೆ ಇಲ್ಲದಿದ್ದರೆ ಅಂಗಡಿಯವರು ಎರಡೇ ಪ್ರಶ್ನೆ ಕೇಳಬಹುದು. ಅಂಗವಿಕಲತೆಯ ಕಾರಣಕ್ಕೆ ಈ ನಾಯಿ ಬೇಕಾ? ಯಾವ ಕೆಲಸಕ್ಕೆ ಇದಕ್ಕೆ ತರಬೇತಿ ಆಗಿದೆ? ಕಾಯಿಲೆ ಏನು ಅಂತ ಕೇಳುವ ಹಾಗಿಲ್ಲ. ಆನ್‌ಲೈನ್‌ನಲ್ಲಿ ಮಾರುವ ಕಾಗದಕ್ಕೆ ಅಲ್ಲಿ ಬೆಲೆಯೇ ಇಲ್ಲ. ಆದರೆ ನಾಯಿ ಹತೋಟಿ ತಪ್ಪಿದರೆ, ಒಳಗೆ ಗಲೀಜು ಮಾಡಿದರೆ ಹೊರಗೆ ಕರೆದುಕೊಂಡು ಹೋಗಿ ಅನ್ನುವ ಹಕ್ಕು ಅವರಿಗಿದೆ. ಕೆಲಸ ಕಲಿಯದೆ, ಬರೀ ಜೊತೆಗಿದ್ದು ನೆಮ್ಮದಿ ಕೊಡುವ ನಾಯಿ ಅಲ್ಲಿ ಸರ್ವಿಸ್ ಡಾಗ್ ಅಲ್ಲ. ಅಂಥ ನಾಯಿಗಳನ್ನು ವಿಮಾನದಲ್ಲಿ ಮಾಮೂಲಿ ಸಾಕುಪ್ರಾಣಿಯಾಗಿಯೇ ನೋಡಲು 2021ರ ಜನವರಿಯಿಂದ ಕಂಪನಿಗಳಿಗೆ ಅವಕಾಶ ಸಿಕ್ಕಿತು.

ಆದರೆ ಮನಸ್ಸಿನ ಕಾಯಿಲೆಗೆ ಸರ್ವಿಸ್ ಡಾಗ್ ಇಲ್ಲ ಅಂತ ಇದರ ಅರ್ಥವಲ್ಲ. ಗಾಬರಿ ಹತ್ತಿದಾಗ ಮೈಮೇಲೆ ಭಾರ ಹಾಕಿ ಮಲಗುವುದು, ಕೆಟ್ಟ ಕನಸಿನಿಂದ ಎಬ್ಬಿಸುವುದು, ಇವೆಲ್ಲ ಕಲಿಸಿದ ಕೆಲಸಗಳೇ. ಕಲಿಸಿದ ಕೆಲಸ ಇದೆಯಾ ಇಲ್ಲವಾ, ಅಲ್ಲೇ ಗೆರೆ ಇರುವುದು.

ಬಿಳಿಕೋಲು

ಸುಳ್ಳು ಜಾಕೆಟ್ ಹಾಕಿಕೊಂಡು ಬರುವ ನಾಯಿಗಳಿಂದ ನಮಗೆ ಎಷ್ಟು ತೊಂದರೆ ಅಂತ ಹೇಳಲಾರೆ. ಅಂಥದ್ದೊಂದು ನನ್ನ ನಾಯಿಯ ಮೇಲೆ ಎರಗಿದರೆ ಅದರ ಧೈರ್ಯ ಕುಂದಬಹುದು. ಧೈರ್ಯ ಕುಂದಿದ ಗೈಡ್ ಡಾಗ್ ಕೆಲಸ ಬಿಡಬೇಕಾಗುತ್ತದೆ. ಆಗ ನನ್ನ ಓಡಾಟವೇ ನಿಂತುಹೋಗುತ್ತದೆ.

ಹಾಗೆಯೇ ಎಲ್ಲರಲ್ಲೂ ಒಂದು ಬೇಡಿಕೆ. ಕೆಲಸದಲ್ಲಿರುವ ನಾಯಿಯನ್ನು ಮುಟ್ಟಬೇಡಿ, ಕರೆಯಬೇಡಿ, ತಿಂಡಿ ಕೊಡಬೇಡಿ. ಮಾತಾಡುವುದಿದ್ದರೆ ನನ್ನ ಜೊತೆ ಮಾತಾಡಿ. ಮೆಟ್ಟಿಲ ತುದಿಯಲ್ಲಿ ಯಾರೋ ಪ್ರೀತಿಯಿಂದ ಶಿಳ್ಳೆ ಹಾಕಿದರೆ ಬೀಳುವುದು ನಾನು.

ತಂಗಾಳಿ

ಬಿಳಿಕೋಲು ಅವರೇ, ನಿಮ್ಮ ಉತ್ತರ ಮನಸ್ಸಿಗೆ ತಾಗಿತು. ನಾಯಿ ಮುದಿಯಾದರೆ?

ಬಿಳಿಕೋಲು

ಸಾಮಾನ್ಯವಾಗಿ ಎಂಟರಿಂದ ಹತ್ತು ವಯಸ್ಸಿಗೆ ನಿವೃತ್ತಿ. ನನ್ನ ಮೊದಲ ನಾಯಿ ನನ್ನ ತಮ್ಮನ ಮನೆಯಲ್ಲಿ ಬೆಚ್ಚಗೆ ಇತ್ತು. ಎಷ್ಟೋ ಜನ ತಾವೇ ಇಟ್ಟುಕೊಳ್ಳುತ್ತಾರೆ, ಇಲ್ಲವೇ ಮರಿಯಾಗಿದ್ದಾಗ ಸಾಕಿದವರೇ ಸಂತೋಷದಿಂದ ಕರೆದುಕೊಂಡು ಹೋಗುತ್ತಾರೆ. ಈ ಪದ್ಧತಿ ಮೊನ್ನೆಮೊನ್ನೆಯದಲ್ಲ. ಮೊದಲ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ 1916ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನಲ್ಲಿ ಗೈಡ್ ಡಾಗ್ ಶಾಲೆ ಶುರುವಾಯಿತು. 1928ರಲ್ಲಿ ಮಾರಿಸ್ ಫ್ರಾಂಕ್ ಅನ್ನುವ ಅಮೆರಿಕದ ಅಂಧ ಯುವಕ ಸ್ವಿಟ್ಜರ್ಲೆಂಡ್‌ಗೆ ಹೋಗಿ ಬಡ್ಡಿ ಅನ್ನುವ ನಾಯಿಯ ಜೊತೆ ಕಲಿತು ಬಂದರು. ಮರುವರ್ಷವೇ ಅವರೂ, ಸ್ವಿಟ್ಜರ್ಲೆಂಡ್‌ನಲ್ಲಿ ನಾಯಿ ತರಬೇತಿ ಕೇಂದ್ರ ನಡೆಸುತ್ತಿದ್ದ ಡೊರೊಥಿ ಯೂಸ್ಟಿಸ್ ಅವರೂ ಸೇರಿ "ಸೀಯಿಂಗ್ ಐ" ಶಾಲೆ ತೆರೆದರು. ಅದು ಇಂದಿಗೂ ನಡೆಯುತ್ತಿದೆ. ನಾಯಿಗೆ ಕಲಿಸಿದರೆ ಅರ್ಧ ಕೆಲಸ, ಮನುಷ್ಯನಿಗೂ ಕಲಿಸಬೇಕು ಅನ್ನುವುದು ಆಗಿನಿಂದಲೇ ಇದೆ. ನಾಯಿ ಸಿಗುವ ಮೊದಲು ನಾನೂ ವಾರಗಟ್ಟಲೆ ಅದರ ಜೊತೆ ಉಳಿದು ಕಲಿತೆ. ಹಾರ್ನೆಸ್‌ನ ಹಿಡಿಕೆಯಲ್ಲಿ ನಾಯಿಯ ಮೈ ಹೇಗೆ ತಿರುಗುತ್ತದೆ ಅಂತ ಕೈಯಲ್ಲಿ ಓದುವುದನ್ನು ಕಲಿಯಬೇಕು.

ಹೆಜ್ಜೆಗುರುತು

ಹೊಂಗೆನೆರಳು ಅವರೇ, ನೀವು ಮೊದಲು ಕೇಳಿದ್ದಕ್ಕೆ ಬರುತ್ತೇನೆ. ಸಂಸ್ಥೆಯ ನಾಯಿಯಾ, ಮನೆಯ ನಾಯಿಯಾ? ಸಂಸ್ಥೆಯದ್ದಾದರೆ ಸ್ವಭಾವ, ಆರೋಗ್ಯ ಪರೀಕ್ಷೆ ಮಾಡಿಯೇ ಕೊಡುತ್ತಾರೆ. ಆದರೆ ಕಾಯುವ ಪಟ್ಟಿ ಉದ್ದ, ಕೆಲವು ಕಡೆ ವರ್ಷಗಟ್ಟಲೆ. ಮನೆಯ ನಾಯಿಯಾದರೆ ಕಾಯುವುದಿಲ್ಲ, ಆದರೆ ಹೊಣೆ ಪೂರ್ತಿ ನಿಮ್ಮದು. ಸ್ವಂತವಾಗಿ ತರಬೇತಿ ಕೊಡುವವರಿಗೆ ಸಹಾಯಕ ನಾಯಿ ಬಳಸುವವರ ಅಂತರರಾಷ್ಟ್ರೀಯ ಸಂಘವೊಂದು ಕನಿಷ್ಠ ಮಟ್ಟ ಅಂತ ಹಾಕಿಕೊಟ್ಟದ್ದು ಆರು ತಿಂಗಳಲ್ಲಿ ಹರಡಿದ 120 ಗಂಟೆ, ಅದರಲ್ಲಿ 30 ಗಂಟೆ ಹೊರಗಡೆ. ಅದು ಕನಿಷ್ಠ. ನನ್ನ ಪ್ರಕಾರ ಒಂದೂವರೆ ಎರಡು ವರ್ಷ ಅಂತ ಇಟ್ಟುಕೊಳ್ಳಿ.

ನಿಮ್ಮ ಅಕ್ಕನಿಗೆ ಬೇಕಾದದ್ದು ಹೆಚ್ಚಿನದು ಮನೆಯೊಳಗಿನ ಕೆಲಸ ಅಂತ ಕಾಣುತ್ತದೆ. ಹಾಗಿದ್ದರೆ ಹೊರಗಡೆಯ ಆಸೆ ಬದಿಗಿಟ್ಟು ಮನೆಯಿಂದ ಶುರು ಮಾಡಿ. ನಾಯಿ ಹೊರಗಿನ ಗದ್ದಲಕ್ಕೆ ಒಗ್ಗದಿದ್ದರೂ ಮನೆಯೊಳಗೆ ಅಕ್ಕನಿಗೆ ದಿನಾ ಸಹಾಯ ಮಾಡಬಹುದು. ಅದಕ್ಕೆ ಯಾರ ಅನುಮತಿಯೂ ಬೇಡ, ಜಾಕೆಟ್ಟೂ ಬೇಡ.

ಹೊಂಗೆನೆರಳು

ಇದು ಬಹಳ ಧೈರ್ಯ ಕೊಟ್ಟಿತು ಸರ್. ಅಕ್ಕ ಪಟ್ಟಿ ಬರೆಸಿದ್ದಾಳೆ. ಮೊದಲನೆಯದು ಫೋನ್. ಎರಡನೆಯದು ಊಹಿಸಿರಲಿಲ್ಲ. ಮಲಗುವ ಕೋಣೆಯ ಬಾಗಿಲು ಮುಚ್ಚುವುದು. "ನನಗೆ ಒಬ್ಬಳೇ ಇರಬೇಕು ಅನಿಸಿದಾಗ ಯಾರನ್ನೂ ಕೇಳದೆ ಬಾಗಿಲು ಮುಚ್ಚಿಕೊಳ್ಳಬೇಕು" ಅಂದಳು.

ಒಂದು ತೊಡಕು ಇದೆ. ಈಗ ನಾಯಿಗೆ ಊಟ ಹಾಕುವುದು, ವಾಕಿಂಗ್, ತರಬೇತಿ ಎಲ್ಲ ನಾನೇ. ಅಕ್ಕನ ಕೈಯಲ್ಲಿ ಚಿಕ್ಕ ತಿಂಡಿ ಹಿಡಿಯಲೂ ಕಷ್ಟ. ನಾನು ಕಲಿಸಿ ಆಮೇಲೆ ಅವಳ ಮಾತು ಕೇಳುವ ಹಾಗೆ ಮಾಡಿದರೆ ಆಗುತ್ತದಾ?

ಎರಡುಗಾಲಿ

ಬಾಗಿಲು ಮುಚ್ಚುವುದು ಅಂದಳಲ್ಲ, ಓದಿ ಕಣ್ಣು ತುಂಬಿತು. ನನ್ನ ಪರವಾಗಿ ಅವಳಿಗೆ ಹೇಳಿ, ಅದು ಆಗುತ್ತದೆ.

ಮೊದಲ ದಿನದಿಂದಲೇ ಅವಳೂ ಕಲಿಸಲಿ. ಹೊಸ ಹೆಜ್ಜೆಯನ್ನು ನೀವು ಪರಿಚಯ ಮಾಡಿಸಿ, ಅವತ್ತೇ ಅವಳ ಜೊತೆಗೂ ಮಾಡಿಸಿ. ತಿಂಡಿ ಹಿಡಿಯಲು ಆಗದಿದ್ದರೆ ಒಂದು ಪಿವಿಸಿ ಪೈಪನ್ನು ವೀಲ್‌ಚೇರ್‌ನ ಕೈಗೆ ಓರೆಯಾಗಿ ಕಟ್ಟಿ. ತೊಡೆಯ ಮೇಲಿನ ಟ್ರೇಯಿಂದ ಬೆರಳಲ್ಲಿ ತಳ್ಳಿದರೆ ತಿಂಡಿ ಪೈಪಿನಲ್ಲಿ ಜಾರಿ ನಾಯಿಯ ಮುಂದೆ ಬೀಳುತ್ತದೆ. ಕ್ಲಿಕ್ಕರ್ ಒತ್ತಲು ಬೆರಳಿಗೆ ಬಲ ಇಲ್ಲದಿದ್ದರೆ ನಾಲಿಗೆಯಿಂದ "ಟಕ್" ಅನ್ನಿಸಿದರೆ ಸಾಕು, ನಾನು ಹಾಗೇ ಮಾಡುವುದು. ಊಟದ ಬಟ್ಟಲನ್ನು ಎತ್ತರದ ಸ್ಟೂಲ್ ಮೇಲೆ ಇಟ್ಟರೆ ಅವಳೇ ಹಾಕಬಹುದು.

ಹೆಜ್ಜೆಗುರುತು

ಒಂದೇ ಸೇರಿಸುತ್ತೇನೆ. ಅಕ್ಕನ ಮಾತು ಆಯಾಸದ ದಿನ ಮೆಲ್ಲಗೆ, ತೊದಲಿ ಬರಬಹುದು. ಕಮಾಂಡ್‌ಗಳನ್ನು ಒಂದಕ್ಕೊಂದು ಹೋಲದ ಚಿಕ್ಕ ಪದಗಳಾಗಿ ಆರಿಸಿ. ಮೆಲ್ಲಗೆ ಹೇಳಿದಾಗಲೂ ನಾಯಿ ಮಾಡುವ ಹಾಗೆ ಈಗಲೇ ಅಭ್ಯಾಸ ಮಾಡಿಸಿ. ಬಾಗಿಲಿಗೆ ಮೂಗಿನಿಂದ ತಳ್ಳುವ ಜಾಗದಲ್ಲಿ ಬಣ್ಣದ ಟೇಪಿನ ಒಂದು ಚೌಕ ಅಂಟಿಸಿ, ಹಳದಿ ಅಥವಾ ನೀಲಿ ಆದರೆ ನಾಯಿಗೆ ಚೆನ್ನಾಗಿ ಕಾಣುತ್ತದೆ. ಮೊದಲು ಬಾಗಿಲು ಬರೀ ಒಂದು ಗೇಣು ತೆರೆದಿರಲಿ. ಮೂಗು ತಾಗಿ ಅದು ಟಪ್ ಅಂತ ಮುಚ್ಚಿಕೊಂಡ ಕೂಡಲೇ ತಿಂಡಿ ಅಕ್ಕನ ಕಡೆಯಿಂದಲೇ ಬರಲಿ.